ಎದುರು ಮನೆಯ ಮಹಡಿ, 5.20ರ ನಂತರ

ನಾನು, ಎಲ್ಲರಿಗೂ ಗುಬ್ಬಿ ಎಂದೇ ಪರಿಚಯ, ವಯಸ್ಸು 19, ಓದು ಐದನೇ ತರಗತಿ, ಕೆಲಸ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಹಾಕುವುದು, ವಾಸ ಗ್ರಂಥಾಲಯದ ಹಿಂದಿನ ಬೀದಿಯಲ್ಲಿ ಅಕ್ಕನ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ಗ್ರಂಥಾಲಯದ ಮಹಡಿಯಲ್ಲಿ ನಿವೃತ್ತ ವಿಜ್ಞಾನ ಮೇಷ್ಟ್ರು ತಿಂಗಳಿಗೊಮ್ಮೆ ಜನರಿಗೆ ಆಕಾಶ ತೋರಿಸುತ್ತಾರೆ. ದೂರದರ್ಶಕ ಅವರದು, ಮೇಲಕ್ಕೆ ಹೊರುವುದು ನಾನು. ನಿನ್ನೆ ಶನಿವಾರ ಸಂಜೆ 4.38ಕ್ಕೆ ಸೂರ್ಯಗ್ರಹಣ ಶುರುವಾಗಿ 5.31ಕ್ಕೆ ಅತಿ ಹೆಚ್ಚು ಮುಚ್ಚುವುದಿತ್ತು. ಸೂರ್ಯನನ್ನು ನೇರವಾಗಿ ನೋಡಬಾರದಾದ್ದರಿಂದ ದೂರದರ್ಶಕದಿಂದ ಅವನ ಬಿಂಬವನ್ನು ಬಿಳಿ ರಟ್ಟಿನ ಮೇಲೆ ಬೀಳಿಸಿ ತೋರಿಸುತ್ತೇವೆ.

ಆ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೆಂದು ಸೋಮವಾರದಿಂದ ಬುಧವಾರದವರೆಗೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ರಸ್ತೆಯ ಆಚೆ, 40 ಮೀಟರ್ ದೂರದಲ್ಲಿ, ಹಲ್ಲಿನ ಡಾಕ್ಟರಮ್ಮನ ನಾಲ್ಕು ಅಂತಸ್ತಿನ ಮನೆ ಇದೆ. 5.20ಕ್ಕೆ ಸೂರ್ಯ ಅದರ ಹಿಂದೆ ಹೋಗುತ್ತಾನೆ. ಅಂದರೆ 5.31ಕ್ಕೆ ನಮಗೆ ಕಾಣುವುದು ಗೋಡೆ ಮಾತ್ರ. ಗುರುವಾರ ಮೇಷ್ಟ್ರು, ಹೋಗಿ ಅವರ ಮಹಡಿ ಕೇಳ್ಕೊಂಡು ಬಾರಮ್ಮ, ನಿನ್ನನ್ನೇನು ನುಂಗಿಬಿಡ್ತಾರಾ ಎಂದರು. ನಾನು ಗೇಟಿನ ತನಕ ಮೂರು ಸಲ ಹೋಗಿ ಮೂರು ಸಲವೂ ವಾಪಸ್ ಬಂದೆ. ಹೊಸಬರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಮೂರನೇ ಸಲ ಓಡುವಾಗ ನೋಟ್‌ಬುಕ್ ಬಿದ್ದದ್ದು ಗೊತ್ತಾಗಲಿಲ್ಲ. ಡಾಕ್ಟರಮ್ಮನನ್ನು ಕೇಳಿದ್ದೇನೆ ಎಂದು ಮೇಷ್ಟ್ರಿಗೆ ಸುಳ್ಳು ಹೇಳಿದೆ. ಅದು ನನ್ನ ತಪ್ಪು.

ನೋಟ್‌ಬುಕ್ ಆ ಮನೆಯ ಕಾವಲುಗಾರರಿಗೆ ಸಿಕ್ಕಿದೆ. ಅದರಲ್ಲಿ ನನ್ನ ಕೈಬರಹದಲ್ಲಿ ಹೀಗಿತ್ತು: ಎದುರು ಮನೆ ಮಹಡಿ. 4.10ಕ್ಕೆ ಟ್ಯಾಂಕಿಗಿಂತ ಒಂದು ಗೇಣು ಮೇಲೆ. 5.05ಕ್ಕೆ ಎರಡು ಬೆರಳು. 5.20ರ ನಂತರ ಸಿಗುವುದಿಲ್ಲ. ಕಾವಲುಗಾರರು 4.30ಕ್ಕೆ ಟೀಗೆ ಹೋಗುತ್ತಾರೆ, ಆಗ ಹೋಗಬಹುದು. ಕೊನೆಯ ಸಾಲು, ಕಾವಲುಗಾರರ ಮುಂದೆಯೂ ನನಗೆ ಮಾತು ಹೊರಡದೆಂದು ಬರೆದದ್ದು. ಇದನ್ನು ಓದಿ ಡಾಕ್ಟರಮ್ಮ, ಯಾರೋ ಕಳ್ಳರು ಮಹಡಿ ಹತ್ತಲು ಹೊಂಚು ಹಾಕಿದ್ದಾರೆಂದು ಶುಕ್ರವಾರ ದೂರು ಕೊಟ್ಟಿದ್ದಾರೆ.

ಶನಿವಾರ ಗ್ರಂಥಾಲಯದ ಮಹಡಿಯಲ್ಲಿ 62 ಜನ ಸೇರಿದ್ದರು. 5.06ಕ್ಕೆ ಇನ್ಸ್‌ಪೆಕ್ಟರ್ ಸಾಹೇಬರು, ಆ ಮನೆಯ ಕಡೆ ತಿರುಗಿದ ದೂರದರ್ಶಕ ಕಂಡು, ಡಾಕ್ಟರಮ್ಮನ ಜೊತೆ ಮೇಲೆ ಬಂದು ನೋಟ್‌ಬುಕ್ ಎತ್ತಿ ಹಿಡಿದು, ಯಾರದಿದು, ಯಾರು ಹೊಂಚು ಹಾಕ್ತಿರೋದು ಎಂದು ಕೇಳಿದರು. ನಾನು ಕೈ ಎತ್ತಿದೆ. ಅದು ಸೂರ್ಯನ ಲೆಕ್ಕ ಸರ್, ಕಳ್ಳಂದಲ್ಲ ಎಂದೆ. ಅಷ್ಟು ಜನರ ಮುಂದೆ ನಾನು ಆಡಿದ ಮೊದಲ ಮಾತು ಅದು.

ಸಾಹೇಬರು ರಟ್ಟಿನ ಕಡೆ ನೋಡಿದರು. ಸೂರ್ಯನಲ್ಲಿ ಅರ್ಧ ಇರಲಿಲ್ಲ. ಡಾಕ್ಟರಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ, ಅಯ್ಯೋ, ಯಾರೋ ಕಚ್ಚಿದಾರಲ್ರೀ, ಹಲ್ಲಂತೂ ಗಟ್ಟಿಯಾಗಿದೆ ಎಂದರು. ಎಲ್ಲರೂ ನಕ್ಕರು. ಆಗ ಮೇಷ್ಟ್ರು, ಇವಳು ನಿಮ್ಮ ಮಹಡಿ ಕೇಳಿದಾಳಲ್ಲ, ಹೊರಡೋಣ್ವಾ ಎಂದರು. ಡಾಕ್ಟರಮ್ಮ, ಯಾವಾಗ ಕೇಳಿದ್ಳು ಎಂದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು, ಹಲ್ಲು ಕೀಳಿಸೋಕೆ ಬಂದೋರೂ ನನ್ನ ಗೇಟಿಂದ ಮೂರು ಸಲ ಓಡಿಲ್ಲ ಕಣೇ, ಈಗ ಕೇಳು ಎಂದರು. ಕೇಳಿದೆ. ಹ್ಞೂಂ ಎಂದರು. ಸಮಯ 5.14.

ನಾವು ದಾಟಲೆಂದು ಸಾಹೇಬರು ರಸ್ತೆಯಲ್ಲಿ ವಾಹನಗಳನ್ನು ತಡೆದರು. ಮೂರು ಕಾಲಿನ ಸ್ಟ್ಯಾಂಡನ್ನು ಕಾವಲುಗಾರರು ಹೊತ್ತರು. 78 ಮೆಟ್ಟಿಲು ಹತ್ತಿ 5.27ಕ್ಕೆ ದೂರದರ್ಶಕ ಇಟ್ಟೆವು. 5.31ಕ್ಕೆ ರಟ್ಟಿನ ಮೇಲೆ ಸೂರ್ಯ ಕತ್ತರಿಸಿದ ಉಗುರಿನಷ್ಟೇ ಉಳಿದಿದ್ದ. ಮೇಷ್ಟ್ರು ನನ್ನನ್ನು ಮುಂದಕ್ಕೆ ತಳ್ಳಿದರು. ನಾನು 11 ನಿಮಿಷ ವಿವರಿಸಿದೆ. ಕಾವಲುಗಾರರು ಸಾಲಿನಲ್ಲಿ ಎರಡು ಸಲ ಬಂದರು, ಸಾಹೇಬರು ಮೂರು ಸಲ.

ಡಾಕ್ಟರಮ್ಮ ದೂರು ವಾಪಸ್ ಪಡೆದಿದ್ದಾರೆ. ಆದರೂ ಅದರಲ್ಲಿ ಒಂದು ಮಾತು ನಿಜ: 5.20ರ ಒಳಗೆ ಆ ಮಹಡಿ ಹತ್ತಬೇಕೆಂದು ನಾನು ಯೋಚಿಸಿದ್ದೆ. ಏಳು ನಿಮಿಷ ತಡವಾಗಿ, 62 ಜನರನ್ನೂ ಪೊಲೀಸರನ್ನೂ ಕರೆದುಕೊಂಡು ಹತ್ತಿದೆ.

ನೋಟ್‌ಬುಕ್ಕನ್ನು ನನಗೆ ಹಿಂದಿರುಗಿಸಬೇಕೆಂದು ಕೋರುತ್ತೇನೆ. 5.20ರ ನಂತರ ಸಿಗುವುದಿಲ್ಲ ಎಂಬ ಸಾಲಿನ ಕೆಳಗೆ ಡಾಕ್ಟರಮ್ಮ ತಮ್ಮ ಕೈಯಾರೆ, 5.31ಕ್ಕೆ ನಮ್ಮ ಮಹಡಿಯಲ್ಲಿ ಸಿಕ್ಕಿತು, ಮುಂದಿನ ಸಲ ಬೆಲ್ ಒತ್ತುವುದು, ಎಂದು ಬರೆದಿದ್ದಾರೆ.

ಮೇಲೆ ಬರೆಸಿದ್ದೆಲ್ಲ ನಾನು ಕಂಡದ್ದು, ಮಾಡಿದ್ದು. ಓದಿಸಿ ಕೇಳದೆ, ನಾನೇ ಗಟ್ಟಿಯಾಗಿ ಓದಿ, ಸರಿಯಿದೆಯೆಂದು ಸಹಿ ಮಾಡಿದ್ದೇನೆ.

ಸ್ಥಳ: ಠಾಣೆ
ದಿನಾಂಕ: ಗ್ರಹಣದ ಮರುದಿನ, ಭಾನುವಾರ, ಬೆಳಿಗ್ಗೆ 10.40
ಸಹಿ: ಗುಬ್ಬಿ