ಬೆಳಗಿನ ಕ್ಲಾಸಿನ ಅತ್ತೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಮೂಳೆ ವೈದ್ಯರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಈಜು ಕ್ಲಬ್ಬಿನ ಕಾರ್ಯದರ್ಶಿಗಳೇ, ನಮ್ಮ ಪಿಲಾಟೀಸ್ ಸ್ಟುಡಿಯೋದ ಸಂಸ್ಥಾಪಕರೇ, ಬೆಳಗಿನ ಕ್ಲಾಸಿನವರೇ, ಸಂಜೆ ಕ್ಲಾಸಿನವರೇ, ಫೀಸು ಕಟ್ಟಿ ಕ್ಲಾಸಿಗೆ ಬಾರದವರೇ, ಮತ್ತು ಸಭಿಕರೇ,

ಹತ್ತನೆಯ ವಾರ್ಷಿಕೋತ್ಸವದ ಈ ಸಂಜೆ ಸಂಸ್ಥಾಪಕರನ್ನು ಸಭೆಗೆ ಪರಿಚಯಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ಐದು ನಿಮಿಷ ಎಂದಿದ್ದಾರೆ. ನಾನು ನಿವೃತ್ತ ಮುಖ್ಯೋಪಾಧ್ಯಾಯಿನಿ. ಐದು ನಿಮಿಷ ಎಂದು ಮೈಕು ಹಿಡಿದು ನಿಂತವರನ್ನು ಕೆಳಗಿಳಿಸಲು ಚೀಟಿ ಕಳಿಸಿ ಕಳಿಸಿ ಸಾಕಾದವಳು. ಆದ್ದರಿಂದ ನನಗೂ ಚೀಟಿ ಬಂದರೆ ಬೇಸರಿಸುವುದಿಲ್ಲ, ಓದುವುದೂ ಇಲ್ಲ.

ನಿರೂಪಕರು ಈಗಷ್ಟೇ ಹೇಳಿದಂತೆ ಇದು ನನ್ನ ಬೀಳ್ಕೊಡುಗೆಯೂ ಹೌದು. ಬರುವ ಭಾನುವಾರ ನನ್ನ ಮಗ ಬಂದು ನನ್ನನ್ನು ತನ್ನ ಊರಿಗೆ ಕರೆದುಕೊಂಡು ಹೋಗಲಿದ್ದಾನೆ. ಆ ವಿಷಯ ಆಮೇಲೆ. ಮೊದಲು ಪರಿಚಯ.

ಸಂಸ್ಥಾಪಕರು ನನ್ನ ಸೊಸೆ. ಹಾಗೆಂದ ಕೂಡಲೇ ನಿಮ್ಮಲ್ಲಿ ಕೆಲವರು ಪಕ್ಕದವರ ಮುಖ ನೋಡಿದ್ದು ಇಲ್ಲಿಂದ ಚೆನ್ನಾಗಿ ಕಾಣಿಸುತ್ತದೆ. ಹೌದು, ನನ್ನ ಮಗನಿಗೂ ಅವಳಿಗೂ ವಿಚ್ಛೇದನವಾಗಿ ಎರಡು ವರ್ಷವಾಯಿತು. ಅವನು ಬೇರೆ ಮದುವೆಯಾಗಿದ್ದಾನೆ. ನಾನು ಮಾತ್ರ ಅದೇ ಮನೆಯಲ್ಲಿ ಅವಳ ಜೊತೆಯಲ್ಲೇ ಇದ್ದೇನೆ. ಎಲ್ಲರಿಗೂ ಗೊತ್ತಿರುವ ಗುಟ್ಟನ್ನು ವೇದಿಕೆಯ ಮೇಲೆ ಮುಚ್ಚಿಟ್ಟು ಏನು ಪ್ರಯೋಜನ? ಇನ್ನು ಮುಂದೆ ಬಹುವಚನ ಬಿಟ್ಟು 'ಅವಳು' ಎಂದೇ ಹೇಳುತ್ತೇನೆ. ಮನೆಯವರಿಗೆ ಬಹುವಚನ ಹಾಕಿದರೆ ನನಗೆ ನಾಲಿಗೆ ತೊಡರುತ್ತದೆ.

ಒಂದೇ ಮನೆಯಲ್ಲಿ ಇರುವವರಿಗೆ ಒಬ್ಬರ ಪರಿಚಯ ಇನ್ನೊಬ್ಬರಿಗೆ ಇರುತ್ತದೆ ಎಂದು ನಾವು ತಿಳಿದಿರುತ್ತೇವೆ. ಇರುತ್ತದೆಯೇ? ಮದುವೆಯಾಗಿ ಬಂದ ಮೊದಲ ವರ್ಷಗಳಲ್ಲಿ ಅವಳ ಬಗ್ಗೆ ನನಗೆ ಗೊತ್ತಿದ್ದುದು ಇಷ್ಟು. ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲ, ಬಾಗಿಲನ್ನು ಸದ್ದಾಗದಂತೆ ಮುಚ್ಚುತ್ತಾಳೆ, ಏನು ಹೇಳಿದರೂ 'ಸರಿ ಅತ್ತೆ' ಎನ್ನುತ್ತಾಳೆ. 'ಸರಿ ಅತ್ತೆ' ಎಂದು ತನಗೆ ಸರಿಕಂಡದ್ದನ್ನೇ ಮಾಡುತ್ತಾಳೆ ಎಂದು ತಿಳಿಯಲು ಇನ್ನಷ್ಟು ಕಾಲ ಹಿಡಿಯಿತು.

ಆಗ ಅವಳು ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಕೂತು ಕೂತು ಸೊಂಟ ಹಿಡಿಯಿತು. ಒಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವಳು ನೆಟ್ಟಗಾಗಲಿಲ್ಲ. ನಮ್ಮ ಇಂದಿನ ಅಧ್ಯಕ್ಷರ ಬಳಿಗೇ ಕರೆದುಕೊಂಡು ಹೋದೆವು. 'ಹಾಸಿಗೆ ಬಿಟ್ಟು ಏಳಕೂಡದಮ್ಮ' ಎಂದರು. 'ಸರಿ ಡಾಕ್ಟ್ರೇ' ಎಂದಳು. ಆಮೇಲೆ ಮಾಡಿದ್ದೇನು? ಅವರದೇ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ರೋಗಿಗಳಿಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಹೆಂಗಸಿನ ಬೆನ್ನು ಹತ್ತಿ ಪಿಲಾಟೀಸ್ ಕಲಿತಳು. ಕಲಿಸುವುದನ್ನೂ ಕಲಿತು ಪರೀಕ್ಷೆ ಪಾಸು ಮಾಡಿದಳು. ಬ್ಯಾಂಕಿಗೆ ರಾಜೀನಾಮೆ ಕೊಟ್ಟಳು. ಅಧ್ಯಕ್ಷರು ನಗುತ್ತಿದ್ದಾರೆ. ಈಗ ಅವರೇ ತಮ್ಮ ರೋಗಿಗಳನ್ನು ಇಲ್ಲಿಗೆ ಕಳಿಸುತ್ತಾರೆ. ದೊಡ್ಡ ಮನಸ್ಸು.

ರಾಜೀನಾಮೆ ಕೊಟ್ಟ ದಿನ ನಾನು ಕೇಳಿದ್ದೆ: 'ನೆಲದ ಮೇಲೆ ಮಲಗಿ ಕಾಲೆತ್ತೋದಕ್ಕೆ ಯಾರಾದ್ರೂ ದುಡ್ಡು ಕೊಡ್ತಾರೇನೇ?' ಇಲ್ಲಿ ಕೂತಿರುವ ನೀವೆಲ್ಲ ಆ ಪ್ರಶ್ನೆಗೆ ಉತ್ತರ.

ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿ ಬಾಡಿಗೆಗೆ ಸಿಕ್ಕಿತು. 'ಸ್ಟುಡಿಯೋ' ಎಂದು ಬೋರ್ಡು ಹಾಕಿದ್ದರಿಂದ ಮೊದಲ ತಿಂಗಳು ಮೆಟ್ಟಿಲು ಹತ್ತಿ ಬಂದವರೆಲ್ಲ ಪಾಸ್‌ಪೋರ್ಟ್ ಫೋಟೋ ತೆಗೆಸುವವರೇ. ಅವರಲ್ಲಿ ಇಬ್ಬರ ಬಗ್ಗಿದ ಬೆನ್ನು ನೋಡಿ ಅವಳು ಅಲ್ಲೇ ಚಾಪೆ ಹಾಸಿದಳು. ಆ ಇಬ್ಬರೂ ಇವತ್ತು ಎರಡನೆಯ ಸಾಲಿನಲ್ಲಿ ನೆಟ್ಟಗೆ ಕೂತಿದ್ದಾರೆ. ಆಮೇಲೆ ರಿಫಾರ್ಮರ್ ಎಂಬ ಯಂತ್ರ ಬಂತು. ಸ್ಪ್ರಿಂಗು, ಪಟ್ಟಿ, ಹಗ್ಗ, ಹಳಿಯ ಮೇಲೆ ಹಿಂದೆ ಮುಂದೆ ಜಾರುವ ಒಂದು ಹಾಸು. ಹೊತ್ತು ತಂದವರಲ್ಲಿ ಒಬ್ಬ ಏದುಸಿರು ಬಿಡುತ್ತಾ, 'ಮೇಡಂ, ಇದು ಮಂಚಾನಾ, ಮಗ್ಗಾನಾ?' ಎಂದು ಕೇಳಿದ. ನನಗೂ ಅದೇ ಅನುಮಾನವಿತ್ತು.

ನಾನು ಈ ಕ್ಲಾಸಿಗೆ ಸೇರಿದ್ದು ಕಲಿಯುವ ಆಸೆಯಿಂದಲ್ಲ. ನಿವೃತ್ತಿಯಾದ ಮೇಲೆ ಮಂಡಿನೋವು ಶುರುವಾಯಿತು, ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ, ಇವಳು ಅಲ್ಲಿ ಏನು ಮಾಡುತ್ತಾಳೆ ನೋಡೋಣ ಎಂಬ ಕುತೂಹಲವೂ ಇತ್ತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಮ್ಮಲ್ಲಿ ಸೊಸೆಯ ಕಾಲ ದಿನಾ ಬೆಳಿಗ್ಗೆ ಏಳಕ್ಕೆ ಶುರುವಾಗುತ್ತಿತ್ತು. ಮನೆಯಲ್ಲಿ ಮೆತ್ತಗೆ ಮಾತಾಡುವವಳ ಧ್ವನಿಯೇ ಅಲ್ಲಿ ಬೇರೆ. 'ಅತ್ತೆ, ಭುಜ ಕಿವಿಗೆ ಅಂಟ್ಕೊಂಡಿದೆ, ಇಳಿಸಿ.' 'ಅತ್ತೆ, ಪಕ್ಕದವರನ್ನ ನೋಡಿ ಕಾಪಿ ಹೊಡೀಬೇಡಿ.' ಜೀವಮಾನವೆಲ್ಲ ಕಾಪಿ ಹೊಡೆಯುವವರನ್ನು ಹಿಡಿದವಳಿಗೆ ಈ ಮಾತು!

ಒಂದು ದಿನ ಅವಳು ಫೋನಿನಲ್ಲಿ ಇದ್ದಾಗ ನಾನೇ ಯಂತ್ರದ ಸ್ಪ್ರಿಂಗುಗಳನ್ನೆಲ್ಲ ಕಳಚಿದೆ. ಸ್ಪ್ರಿಂಗು ಕಡಿಮೆಯಾದರೆ ಕೆಲಸ ಹಗುರ ಎಂಬುದು ನನ್ನ ಲೆಕ್ಕ. ಕಾಲು ಒತ್ತಿದ್ದೇ ತಡ, ಹಾಸು ನನ್ನನ್ನು ಹೊತ್ತುಕೊಂಡು ಸರ್ರನೆ ಹಿಂದಕ್ಕೆ ಹೋಗಿ ಗುದ್ದಿತು. ಇಷ್ಟು ದಿನ ಎಳೆದು ಕಾಡುತ್ತಿದ್ದ ಸ್ಪ್ರಿಂಗೇ ನನ್ನನ್ನು ಹಿಡಿದೂ ಇಟ್ಟಿತ್ತು ಎಂದು ಆಗ ತಿಳಿಯಿತು. ಅವಳು ಓಡಿ ಬಂದು ಕೈಕಾಲು ಮುಟ್ಟಿ ನೋಡಿದಳು, ಪೆಟ್ಟಾಗಿಲ್ಲ ಎಂದು ಖಾತ್ರಿ ಮಾಡಿಕೊಂಡಳು, ಆಮೇಲೆ ಗೋಡೆಗೆ ಒರಗಿ ನಕ್ಕಳು. ಜೋರು ನಗು, ಕೊನೆಗೆ ಕೆಮ್ಮು ಬರುವಂಥದ್ದು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ಅವಳ ಬಾಯಿಂದ ಕೇಳಿ ಕೇಳಿ ಬೆಳಗಿನ ಕ್ಲಾಸಿನವರೆಲ್ಲ ನನ್ನನ್ನು ಅತ್ತೆ ಎನ್ನತೊಡಗಿದರು. ನನಗಿಂತ ಹಿರಿಯರಾದ ನಿವೃತ್ತ ಪೋಸ್ಟ್ ಮಾಸ್ಟರೂ ಅತ್ತೆ ಎನ್ನುತ್ತಾರೆ. ಹೊಟ್ಟೆಗೆ ಹಾಕಿಕೊಂಡಿದ್ದೇನೆ.

ಇಷ್ಟು ಹೇಳಿ ಕೂರಬೇಕೆಂದೇ ಮನೆಯಿಂದ ನಿಶ್ಚಯಿಸಿಕೊಂಡು ಬಂದಿದ್ದೆ. ಆದರೆ ಒಂದು ಬೆಳಗಿನ ವಿಷಯ ಹೇಳದಿದ್ದರೆ ನಿಮಗೆ ಅವಳ ಪರಿಚಯವಾದಂತಾಗುವುದಿಲ್ಲ.

ಮನೆ ಬಿಟ್ಟು ಹೋಗುತ್ತೇನೆ ಎಂದು ನನ್ನ ಮಗ ಅವಳಿಗೆ ಹೇಳಿದ್ದು ಒಂದು ಬೆಳಿಗ್ಗೆ, ಅಡುಗೆಮನೆಯಲ್ಲಿ, ಅವಳು ಕ್ಲಾಸಿಗೆ ಹೊರಡುವ ಮುಂಚೆ. ನನ್ನ ಕೋಣೆಗೂ ಕೇಳಿಸಿತು. ಅವಳು ಲೋಟ ತೊಳೆದಿಟ್ಟಳು. ಬೀಗದ ಕೈ ತೆಗೆದುಕೊಂಡಳು. 'ಅತ್ತೆ, ಹೊತ್ತಾಯ್ತು, ಬರ್ತೀರಾ?' ಎಂದಳು. ಕ್ಲಾಸು ಎಂದಿನಂತೆ ಶುರುವಾಯಿತು. 'ಉಸಿರು ತೊಗೊಳ್ಳಿ. ಉಸಿರು ಬಿಡಿ. ತೊಗೊಳ್ಳಿ. ಬಿಡಿ.' ಹೀಗೇ ನಡೆಯುತ್ತಾ ಒಂದು ಸಲ 'ಬಿಡಿ' ಎಂದವಳು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟಳು. ಮುಂದಿನ ಮಾತು ಬರಲೇ ಇಲ್ಲ. ಬೆಳಗಿನ ಕ್ಲಾಸಿನವರೇ, ನೀವು ಎಂಥ ವಿಧೇಯ ವಿದ್ಯಾರ್ಥಿಗಳು! ಟೀಚರ್ ಹೇಳದೆ ಉಸಿರು ತೆಗೆದುಕೊಳ್ಳಬಾರದೆಂದು ಹಾಗೇ ಕಾಯುತ್ತಾ ಮಲಗಿದ್ದಿರಿ. ಪೋಸ್ಟ್ ಮಾಸ್ಟರ ಮುಖ ಕೆಂಪಾಯಿತು. ಯಾರೋ ಕಾಲು ಬಡಿದರು. ಕೊನೆಗೆ ನಾನು ಮಲಗಿದ್ದಲ್ಲಿಂದಲೇ, ಶಾಲೆಯ ಮೈದಾನದಲ್ಲಿ ಕೂಗುತ್ತಿದ್ದ ಧ್ವನಿಯಲ್ಲಿ, 'ತೊಗೊಳ್ಳಿ!' ಎಂದೆ. ಕೋಣೆಗೆ ಕೋಣೆಯೇ ಉಸಿರೆಳೆಯಿತು. ಅವಳೂ ಎಳೆದಳು, ಅವಳ ಬೆನ್ನು ನನಗೆ ಕಾಣುತ್ತಿತ್ತು. ಮುಂದಿನ 'ಬಿಡಿ'ಯನ್ನು ಅವಳೇ ಹೇಳಿದಳು.

ಅಂದು ಏನಾಗಿತ್ತೆಂದು ನಿಮಗೆ ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಹೇಳಬಾರದಿತ್ತೇನೋ. ಮೈಕು ಕೈಗೆ ಸಿಕ್ಕರೆ ಹೀಗೇ.

ನನ್ನ ಮಗ ಕೆಟ್ಟವನಲ್ಲ. ಹೆತ್ತವಳ ಬಾಯಲ್ಲಿ ಬೇರೆ ಮಾತು ಬಂದೀತೇ? ಆದರೆ ಅವನ ಮೇಲೆ ನನಗೆ ಸಿಟ್ಟು ಬಂದಿತ್ತು, ಇನ್ನೂ ಪೂರ್ತಿ ಇಳಿದಿಲ್ಲ. ಕೋರ್ಟಿನ ಕೆಲಸ ಮುಗಿದ ದಿನ ನಾನು ಇವಳಿಗೆ, 'ಇನ್ನು ನನ್ನನ್ನ ಅತ್ತೆ ಅನ್ನಬೇಕಾಗಿಲ್ಲಮ್ಮ' ಎಂದೆ. 'ಮತ್ತೇನಂತ ಕರೀಲಿ? ಹೊಸದಾಗಿ ರೂಢಿ ಮಾಡ್ಕೊಳ್ಳೋಕೆ ನಂಗೆ ಪುರುಸೊತ್ತಿಲ್ಲ ಅತ್ತೆ' ಎಂದವಳೇ ಚಾಪೆ ಒರೆಸಲು ಹೋದಳು.

ಈಗ ಭಾನುವಾರದ ವಿಷಯ. ಮಗನ ಮನೆಯಲ್ಲಿ ಮಗು ಹುಟ್ಟಲಿದೆ. ಹಿರಿಯರೊಬ್ಬರು ಬೇಕು. ಫೋನು ಮಾಡಿ, 'ಅಮ್ಮಾ, ಅಲ್ಲಿ ಇನ್ನು ನಿಂಗೆ ಯಾರಿದ್ದಾರೆ?' ಎಂದು ಕೇಳಿದ. 'ನೋಡೋಣ' ಎಂದೆ. ಅವನು ಅದನ್ನೇ ಒಪ್ಪಿಗೆ ಎಂದುಕೊಂಡ. ಇವಳಿಗೆ ತಿಳಿಸಿದಾಗ, 'ಮೊಮ್ಮಗು ಬರ್ತಿದೆ, ಅವರಿಗೂ ನೀವು ಬೇಕಲ್ಲ. ಹೋಗಿ ಬನ್ನಿ ಅತ್ತೆ' ಎಂದಳು. ಮಾರನೆಯ ದಿನ ನನಗೊಂದು ಹೊಸ ಸೂಟ್‌ಕೇಸು ತಂದಳು. ಮಂಡಿಗೆ ಭಾರವಾಗಬಾರದೆಂದು ಚಕ್ರವಿರುವುದನ್ನೇ ಹುಡುಕಿ ತಂದಿದ್ದಳು. ಇರಿ ಎಂದು ಅವಳು ಅನ್ನಲಿಲ್ಲ, ಇರುತ್ತೇನೆ ಎಂದು ನಾನೂ ಅನ್ನಲಿಲ್ಲ. ಇರಿ ಅನ್ನಲು ತನಗೇನು ಹಕ್ಕು ಎಂದು ಅವಳಿಗೆ, ಇರುತ್ತೇನೆ ಅನ್ನಲು ನನಗೇನು ಹಕ್ಕು ಎಂದು ನನಗೆ. ಅಂದಿನಿಂದ ಇಬ್ಬರೂ ಆ ಸೂಟ್‌ಕೇಸಿಗೆ ತಾಗದಂತೆ ಸುತ್ತಿ ಬಳಸಿ ಮನೆಯೊಳಗೆ ಓಡಾಡುತ್ತಿದ್ದೇವೆ. ಮರ್ಯಾದೆ ಹೆಚ್ಚಾದರೆ ಹೀಗಾಗುತ್ತದೆ, ಸಭಿಕರೇ. ಜಗಳವಾಡುವ ಅತ್ತೆ ಸೊಸೆಯರಾಗಿದ್ದರೆ ಈ ವಿಷಯ ಎಂದೋ ಇತ್ಯರ್ಥವಾಗುತ್ತಿತ್ತು.

ಐದು ನಿಮಿಷ ಎಂದೋ ಮುಗಿಯಿತು, ಗೊತ್ತು. ಮನೆಯಲ್ಲಿ ಆಡಲಾಗದ ಮಾತೊಂದನ್ನು ಇಲ್ಲಿ ಆಡಿಬಿಡುತ್ತೇನೆ.

ಇಲ್ಲಿ ನೋಡಮ್ಮ, ತಲೆ ಎತ್ತು. ಭಾನುವಾರ ಅವನು ಬರಲಿ. ಊಟ ಹಾಕೋಣ, ಕಳಿಸೋಣ. ಮಗು ಹುಟ್ಟಿದಾಗ ಹೋಗ್ತೀನಿ. ನಾನು ಅಜ್ಜಿ ಅಲ್ವಾ, ಎತ್ತಿ ಆಡಿಸ್ತೀನಿ, ಬಾಣಂತನಕ್ಕೆ ಕೈ ಜೋಡಿಸಿ ವಾಪಸ್ ಬರ್ತೀನಿ. ವಾಪಸ್ ಅಂದ್ರೆ ಇಲ್ಲಿಗೆ, ನಿನ್ನ ಹತ್ರಕ್ಕೆ. ನಿನ್ನ ಬಿಟ್ಟು ನಂಗೆ ಇರೋಕಾಗಲ್ಲ ಕಣೇ. ಅದನ್ನ ಹೇಳೋದಕ್ಕೆ ಇಷ್ಟು ಜನ ಸೇರಬೇಕಾಯ್ತು ನೋಡು. ನಿಂಗೆ ಒಬ್ಬಳೇ ಇರಬೇಕು ಅನ್ಸಿದ್ರೆ, ಇಲ್ಲಾ ನಾಳೆ ಯಾರನ್ನಾದ್ರೂ ಮದುವೆ ಆಗೋಣ ಅನ್ಸಿದ್ರೆ, ಮುಲಾಜಿಲ್ಲದೆ ಹೇಳು. ಇದೇ ಬೀದೀಲಿ ಒಂದು ಕೋಣೆ ನೋಡ್ಕೋತೀನಿ. ಅದಕ್ಕಿಂತ ದೂರ ಮಾತ್ರ ಹೋಗಲ್ಲ.

ಸಭಿಕರು ಕ್ಷಮಿಸಬೇಕು. ಕಾರ್ಯಕ್ರಮದ ಪ್ರಕಾರ ಮುಂದಿರುವುದು ನನ್ನ ಬೀಳ್ಕೊಡುಗೆ. ದಯವಿಟ್ಟು ಅದನ್ನು ಕೈಬಿಡಬೇಕೆಂದು ಸಂಘಟಕರನ್ನು ಕೋರುತ್ತೇನೆ. ನನಗೆಂದು ತಂದಿರುವ ಹೂವನ್ನು ಸಂಸ್ಥಾಪಕರಿಗೇ ಕೊಡಿ. ಸ್ವಲ್ಪ ತಡೆದು ಕೊಡಿ, ಅವರ ಎರಡೂ ಕೈ ಈಗ ಮುಖದ ಮೇಲಿವೆ. ಇಷ್ಟು ಹೊತ್ತು ನಮ್ಮ ಮನೆಯ ಮಾತನ್ನು ನಿಮ್ಮ ಮನೆಯ ಮಾತಿನಂತೆ ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.