ನೆಗ್ಗಿದ ಬಾಗಿಲು

ಹಳೆಯ ಕಾರು ಕೊಳ್ಳುವ ಅಂಗಡಿಯ ಬೆಂಚಿನಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡತಿ. ಅವರ ಪುಟ್ಟ ಕಾರಿಗೆ ಬೆಲೆ ಕಟ್ಟಿದವನು ಆಗಷ್ಟೇ ಒಳಗೆ ಹೋಗಿದ್ದ. ನಾನು ಪೇಪರ್ ಹಿಡಿದು ಕೂತಿದ್ದೆ, ಕಿವಿ ಮಾತ್ರ ಅತ್ತಲೇ ಇತ್ತು.

“ಕೇಳಿದ್ರಾ? ಆರು ವರ್ಷಕ್ಕೆ ಕೊಂಡ ಬೆಲೆಯಲ್ಲಿ ಅರ್ಧನೂ ಉಳಿದಿಲ್ವಂತೆ.”

“ಚಿಕ್ಕ ಕಾರು ಕಣೇ. ಶೋರೂಮಿನ ಗೇಟು ದಾಟಿದ ದಿನದಿಂದಲೇ ಇಳೀತಾ ಹೋಗತ್ತೆ.”

“ಆ ಬಾಗಿಲು ನೆಗ್ಗಿದೆ ಅಂತ ಇನ್ನಷ್ಟು ಇಳಿಸಿದ. ನಾನು ಕಲಿಯೋವಾಗ ಕಂಬಕ್ಕೆ ಗುದ್ದಿದ್ದು.”

“ಹೂಂ.”

“ಅವತ್ತೇ ಸರಿಮಾಡಿಸಿ ಅಂತ ಎಷ್ಟು ಬಡ್ಕೊಂಡೆ! ಪುರುಸೊತ್ತಿಲ್ಲ ಅಂದ್ರಿ.”

“ಪುರುಸೊತ್ತಿತ್ತು.”

“ಮತ್ತೆ?”

“ಮಾಡಿಸಿದ್ರೆ ಕಾರು ಮತ್ತೆ ಹೊಸದರ ಹಾಗೆ ಹೊಳೀತಿತ್ತು. ನೀನು ಹೆದರ್ಕೊಂಡು ಕೀ ಮುಟ್ತಾನೇ ಇರ್ಲಿಲ್ಲ.”

ಆಕೆ ಎದುರಿಗೆ ನಿಂತಿದ್ದ ಕಾರಿನತ್ತ ತಿರುಗಿದರು. ಒಳಗಿನವನು ಹೊರಬಂದು, “ಏನ್ ಸರ್, ಕೊಡ್ತೀರಾ?” ಎಂದ.

“ಅವರನ್ನ ಕೇಳಪ್ಪ. ಓಡ್ಸೋರು ಅವರು.”

ಆಕೆ ಮೇಜಿನ ಮೇಲಿದ್ದ ಕೀ ಎತ್ತಿಕೊಂಡರು.

“ಏಳ್ರೀ, ಮನೆಗೆ ಹೋಗೋಣ.”

ಯಜಮಾನರು ನೆಗ್ಗಿದ ಬಾಗಿಲನ್ನು ಎರಡು ಸಲ ಜಗ್ಗಿ ತೆರೆದು, ಆಕೆಯ ಪಕ್ಕದಲ್ಲಿ ಕೂತರು.