ಸ್ಕೋಪಿಗೆ ಅಭಿಷೇಕ

ಪುಣೆಯ ಖರಾಡಿಯ ಬಸ್‌ಸ್ಟಾಪಿನಲ್ಲಿ ನಿಂತಿದ್ದ ಉಡುಪಿ ಹೋಟೆಲಿನ ಕುಸುಮಳ ಬೆನ್ನ ಹಿಂದೆ ಧಾರವಾಡದ ಕನ್ನಡ ಕೇಳಿಸಿತು. ಇಬ್ಬರು ಕಾರ್ಖಾನೆಯವರು, ಇಲ್ಲಿ ಯಾರಿಗೆ ತಿಳಿದೀತೆಂದು ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದರು.

“ಆ ಕರೆಂಟಿನ ಗೆರಿ ತೋರಸೋ ಆಸಿಲೋಸ್ಕೋಪಿನ ಪ್ಲಗ್ಗಿನ ಅರ್ತ್ ಪಿನ್ನು ಕತ್ತರಿಸಿದಾಂವ ಯಾರಲೇ, ಗುರುಸಿದ್ದ?”

“ನಾನರೀ, ಮಾರ್ತಾಂಡಣ್ಣ. ಮೋಟರಿನ ವಯರಿಗೆ ಸ್ಕೋಪಿನ ಕ್ಲಿಪ್ಪು ಹಚ್ಚಿದ ಕೂಡಲೇ ಫ್ಯೂಜು ಹಾರತಿತ್ತು. ಈಗ ಹಾರಂಗಿಲ್ಲ.”

“ಈಗ ಅದರ ಮೈತುಂಬ ಕರೆಂಟು ಹರೀತದ!”

“ಹೌದ್ರಿ. ಖಂಡೇನವಮಿ ಆಯುಧಪೂಜಿಗೆ ಅದಕ್ಕ ಕುಂಕುಮ ಹಚ್ಚಾಕ ಹೋದ ಫೋರ್‌ಮನ್ ಹಾರಿ ಬಿದ್ದು, ಜಾಗೃತ ದೇವರು ಅಂದರು.”

“ಕಾಲಾಗ ಬೂಟು ಇದ್ದದ್ದಕ್ಕ ಉಳದಾರ!”

“ಈಗ ಎಲ್ಲಾರೂ ಬೂಟು ಕಳದು ಕೈ ಮುಗೀತಾರ್ರಿ. ಇವತ್ತು ಹುಣ್ಣಿಮಿ, ಇನ್ನ ಸ್ವಲ್ಪ ಹೊತ್ತಿಗೆ ಸಾಹೇಬರಿಂದ ಅದಕ್ಕ ಎಳನೀರಿನ ಅಭಿಷೇಕ.”

“ಮೋಟರಿಗೂ ಸ್ಕೋಪಿಗೂ ಕೂಡಿದ ಮೇನ್ ಸ್ವಿಚ್ಚರ ಆರಿಸೀರೇನ?”

“ಪರದೆ ಮ್ಯಾಲಿನ ಹಸರ ಗೆರಿ ನಂದಾದೀಪ ಇದ್ದಂಗ, ಆರಿಸಬಾರದು ಅಂದಾರ್ರಿ.”

ಮಾರ್ತಾಂಡ ಎದುರಿಗೆ ಬಂದ ಆಟೋದತ್ತ ಓಡಿದ. ಗುರುಸಿದ್ದ ಅವನ ಹಿಂದೆ.

ಕುಸುಮ ತಡೆಯಲಾರದೆ ಕೂಗಿದಳು: “ಮೊದಲು ಫೋನ್ ಮಾಡಿ ಮಾರಾಯ್ರೆ! ಮೇನ್ ಆಫ್ ಮಾಡ್ಲಿಕ್ಕೆ ಹೇಳಿ!”

ಫೋನು ಕಿವಿಗೆ ಒತ್ತಿಕೊಂಡ ಗುರುಸಿದ್ದ ಹೊರಟ ಆಟೋದಿಂದ ತಲೆ ಹೊರಹಾಕಿದ.

“ಮಾಡಾಕತ್ತೇನ್ರಿ ಅಕ್ಕಾ! ಪಿನ್ನು ಕತ್ತರಿಸಿದ್ದು ಮಾತ್ರ ಯಾರಿಗೂ ಹೇಳಬ್ಯಾಡ್ರಿ!”